ಎಲಿಜಬೆತ್ ರಾಣಿಯ ಕಾಲದ ಒಕ್ಕಲಿಗನ ಮರಣಶಾಸನ

ಇಂಗ್ಲೆಂಡನ್ನು ಎಲಿಜಬೆತ್ ರಾಣಿಯು ಆಳಿದ ಕಾಲವನ್ನು, ಎಂದರೆ 1558ರಿಂದ 1603ರ ವರೆಗಿನ ಅವಧಿಯನ್ನು, ಚರಿತ್ರಕಾರರು ಬಹುವಾಗಿ ಕೊಂಡಾಡಿದ್ದಾರೆ. ಡ್ರೇಕನು ಭೂಪ್ರದಕ್ಷಿಣೆ ಮಾಡಿ ಬಂದುದು, ಸ್ಪೇನಿನ ನೌಕಾಬಲವು 1588ರಲ್ಲಿ ಚದರಿಹೋದುದು, ಲಂಡನ್ ನಗರದಲ್ಲಿ ನಾಟಕಶಾಲೆಗಳು ಎದ್ದುದು, ಇವೆಲ್ಲ ನಾವು ಪಾಠಶಾಲೆಯಲ್ಲಿ ಓದಿದ ಸಂಗತಿಗಳೇ. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಬಹುಮಂದಿ ಹಡಗು ಹತ್ತಿದವರೂ ಅಲ್ಲ, ನಾಟಕ ನೋಡಿದವರೂ ಅಲ್ಲ. ಅವರು ಹಳ್ಳಿಗಳಲ್ಲಿ ಹುಟ್ಟಿ, ಉತ್ತು, ಬಿತ್ತಿ, ಬೆಳೆದು, ತಮ್ಮ ಊರಿನ ಚರ್ಚಿನ ಅಂಗಳದಲ್ಲಿಯೇ ಮಣ್ಣಾದವರು. ಅವರು ಕಾಗದಪತ್ರ ಬರೆದವರಲ್ಲ, ದಿನಚರಿ ಇಟ್ಟವರಲ್ಲ, ಅನೇಕರಿಗೆ ತಮ್ಮ ಹೆಸರನ್ನು ಬರೆಯುವುದಕ್ಕೂ ಬಾರದು. ಹೀಗಿರಲು ಅವರ ಮಾತನ್ನು ನಾವು ಕೇಳುವುದೆಲ್ಲಿ?

ಒಂದು ಸ್ಥಳ ಉಂಟು. ಆ ಒಕ್ಕಲಿಗನು ತನ್ನ ಬಾಳಿನಲ್ಲಿ ಒಂದೇ ಒಂದು ಸಲ, ಅದೂ ಬಾಳು ಮುಗಿಯುವ ಹೊತ್ತಿನಲ್ಲಿ, ಚರಿತ್ರೆಗೆ ಕೇಳಿಸುವಂತೆ ಮಾತನಾಡಿದ್ದಾನೆ. ಅದು ಅವನ ಮರಣಶಾಸನ. ನಾವು ಬಳಕೆಯಲ್ಲಿ ಉಯಿಲು ಎಂದು ಕರೆಯುವ ಪತ್ರ. ಇಂಥ ಪತ್ರಗಳು ಇಂಗ್ಲೆಂಡಿನ ಜಿಲ್ಲಾ ದಫ್ತರಖಾನೆಗಳಲ್ಲಿ ಸಾವಿರಗಟ್ಟಲೆ ಉಳಿದುಬಂದಿವೆ. ಹಸು ಯಾರಿಗೆ, ಹಾಸಿಗೆ ಯಾರಿಗೆ, ಹೊಲ ಯಾರಿಗೆ ಎಂಬ ಒಣಲೆಕ್ಕದಂತೆ ಅವು ಮೊದಲ ನೋಟಕ್ಕೆ ಕಾಣುತ್ತವೆ. ಸ್ವಲ್ಪ ತಾಳ್ಮೆಯಿಂದ ಓದಿದರೆ, ಲೆಕ್ಕದ ಹಿಂದೆ ಒಬ್ಬ ಮನುಷ್ಯನ ಪ್ರೀತಿಯೂ ಅದಕ್ಕಿಂತ ಹೆಚ್ಚಾಗಿ ಅವನ ಭಯವೂ ಕಂಡುಬರುತ್ತವೆ. ತಾನು ಹೋದಮೇಲೆ ಉಳಿದವರು ತನ್ನ ಮಾತನ್ನು ನಡೆಸುವರೋ ಇಲ್ಲವೋ ಎಂಬುದೇ ಆ ಭಯ. ಆ ಭಯಕ್ಕೆ ಎಷ್ಟು ಕಾರಣವಿದ್ದಿತೆಂಬುದನ್ನು ಒಬ್ಬ ಒಕ್ಕಲಿಗನ ಮನೆತನದ ವೃತ್ತಾಂತದಿಂದ ತಿಳಿಸುವುದು ಈ ಭಾಷಣದ ಉದ್ದೇಶ.

ಮೊದಲು ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಬೇಕು. ಪೂರ್ವಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯ ನ್ಯಾಯದ ಪ್ರಕಾರ ಮನುಷ್ಯನು ತನ್ನ ಚರಾಸ್ತಿಯನ್ನು ಮರಣಶಾಸನದಿಂದ ಕೊಡಬಹುದಾಗಿತ್ತೇ ಹೊರತು ಜಮೀನನ್ನು ಕೊಡುವಂತಿರಲಿಲ್ಲ. ಜಮೀನು ಸಾಮಾನ್ಯವಾಗಿ ಹಿರಿಯ ಮಗನಿಗೆ ತಾನಾಗಿಯೇ ಇಳಿಯುತ್ತಿತ್ತು. ಇದನ್ನು ತಪ್ಪಿಸಿಕೊಳ್ಳಲು ಜನರು ಒಂದು ಉಪಾಯ ಹೂಡಿದ್ದರು. ಬದುಕಿರುವಾಗಲೇ ಜಮೀನನ್ನು ನಂಬಿಕೆಯ ಸ್ನೇಹಿತರ ಹೆಸರಿಗೆ ಬರೆದು, ಅದರ ಫಲವನ್ನು ತಾವು ಹೇಳಿದವರಿಗೆ ಸಲ್ಲಿಸುವಂತೆ ಕರಾರು ಮಾಡಿಕೊಳ್ಳುತ್ತಿದ್ದರು. ಇದರಿಂದ ರಾಜನ ಬೊಕ್ಕಸಕ್ಕೆ ಬರಬೇಕಾದ ಹುಟ್ಟುವಳಿಗಳು ತಪ್ಪಿಹೋಗುತ್ತಿದ್ದವು. ಎಂಟನೆಯ ಹೆನ್ರಿಯು 1536ರ ಕಾಯಿದೆಯಿಂದ ಈ ಉಪಾಯಕ್ಕೆ ತಡೆ ಹಾಕಿದನು. ಜಮೀನುದಾರರಲ್ಲಿ ದೊಡ್ಡ ಅಸಮಾಧಾನ ಹುಟ್ಟಿತು. ಅದೇ ವರ್ಷ ಉತ್ತರ ಇಂಗ್ಲೆಂಡಿನಲ್ಲಿ ಎದ್ದ ದಂಗೆಯವರು ಹೇಳಿಕೊಂಡ ಕುಂದುಕೊರತೆಗಳಲ್ಲಿ ಇದೂ ಒಂದು. ಕಡೆಗೆ 1540ರಲ್ಲಿ ರಾಜನೇ ಇಳಿದುಬಂದು ಮರಣಶಾಸನಗಳ ಕಾಯಿದೆಗೆ ಒಪ್ಪಿದನು. ಅಂದಿನಿಂದ ಸಾಧಾರಣ ಹಿಡುವಳಿಯ ಜಮೀನೆಲ್ಲವನ್ನೂ, ಸೈನಿಕಸೇವೆಯ ಷರತ್ತಿನ ಮೇಲೆ ಹಿಡಿದ ಜಮೀನಿನಲ್ಲಿ ಮೂರರಲ್ಲಿ ಎರಡು ಪಾಲನ್ನೂ, ಒಡೆಯನು ಬರವಣಿಗೆಯ ಮೂಲಕ ಇಷ್ಟಬಂದವರಿಗೆ ಕೊಡಬಹುದೆಂದಾಯಿತು. ಎಲಿಜಬೆತ್ ರಾಣಿಯ ಕಾಲದ ಒಕ್ಕಲಿಗನು ಈ ಅಧಿಕಾರವನ್ನು ಪಡೆದ ಮೊದಲ ತಲೆಮಾರುಗಳಿಗೆ ಸೇರಿದವನು.

ಆದರೆ ಎಲ್ಲ ಜಮೀನೂ ಒಂದೇ ತೆರನಾಗಿರಲಿಲ್ಲ. ಕೆಲವು ಸ್ವಂತದವು. ಕೆಲವು ಊರೊಡೆಯನ ಕಚೇರಿಯ ದಫ್ತರದಲ್ಲಿ ಒಕ್ಕಲಿನ ಹೆಸರು ದಾಖಲಾಗಿ, ಆ ದಾಖಲೆಯ ನಕಲೇ ಹಕ್ಕುಪತ್ರವಾಗಿದ್ದ ಹಿಡುವಳಿಗಳು. ನಕಲಿಗೆ ಕಾಪಿ ಎಂದು ಹೆಸರಾದಕಾರಣ ಅವಕ್ಕೆ ಕಾಪಿಹೋಲ್ಡ್ ಎಂದು ಕರೆದರು. ಇಂಥದನ್ನು ನೇರವಾಗಿ ಉಯಿಲಿನಿಂದ ಕೊಡುವ ಹಾಗಿಲ್ಲ. ಮೊದಲು ಒಡೆಯನ ಕಚೇರಿಯಲ್ಲಿ ಅದನ್ನು ಒಪ್ಪಿಸಿ, ತನ್ನ ಉಯಿಲಿನಂತೆ ಮುಂದೆ ಸಲ್ಲಲಿ ಎಂದು ಬರೆಸಬೇಕು. ಪ್ರಾಂತದ ವಾಡಿಕೆಗಳೂ ಬೇರೆಬೇರೆ. ಕೆಂಟ್ ಸೀಮೆಯಲ್ಲಿ ಜಮೀನು ಗಂಡುಮಕ್ಕಳಿಗೆಲ್ಲ ಸಮನಾಗಿ ಹೋಗುತ್ತಿತ್ತು. ಕೆಲವು ಊರುಗಳಲ್ಲಿ ಹಿರಿಯವನನ್ನು ಬಿಟ್ಟು ಕಿರಿಯ ಮಗನಿಗೇ ಹೋಗುತ್ತಿತ್ತು. ಮರಣಶಾಸನವನ್ನು ಸ್ಥಿರಪಡಿಸುವ ಅಧಿಕಾರವಾದರೋ ರಾಜನ ನ್ಯಾಯಾಲಯಗಳದಲ್ಲ, ಬಿಷಪ್ಪನ ಮತ್ತು ಅವನ ಕೈಕೆಳಗಿನವರ ಧಾರ್ಮಿಕ ನ್ಯಾಯಾಲಯಗಳದು. ಈ ತೊಡಕುಗಳನ್ನೆಲ್ಲ ಬಿಡಿಸಿ ಹೇಳುವುದಕ್ಕಾಗಿ ಯಾರ್ಕ್ ನಗರದ ಹೆನ್ರಿ ಸ್ವಿನ್‌ಬರ್ನನು 1590ರಲ್ಲಿ ಒಂದು ಗ್ರಂಥವನ್ನೇ ಬರೆದನು. ಪಂಡಿತರ ಲ್ಯಾಟಿನನ್ನು ಬಿಟ್ಟು ಜನರ ಭಾಷೆಯಾದ ಇಂಗ್ಲಿಷಿನಲ್ಲಿ ಅವನು ಅದನ್ನು ಬರೆದುದರಿಂದಲೇ ಈ ವಿಷಯದಲ್ಲಿ ಜನರಿಗಿದ್ದ ಆಸಕ್ತಿಯನ್ನು ಊಹಿಸಬಹುದು.

ಇನ್ನು ಉಯಿಲು ಹುಟ್ಟುವ ಸನ್ನಿವೇಶವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಆರೋಗ್ಯವಾಗಿರುವಾಗ ಉಯಿಲು ಬರೆಸುವವರು ಕಡಿಮೆ. ಕಾಯಿಲೆ ಕೈಮೀರಿತು ಎಂದು ತೋರಿದಾಗ ಬರಹ ಬಲ್ಲವನಿಗೆ ಹೇಳಿಕಳುಹಿಸುತ್ತಾರೆ. ಅವನು ಊರಿನ ಪಾದ್ರಿಯಾಗಿರಬಹುದು, ಶಾಲೆಯ ಉಪಾಧ್ಯಾಯನಾಗಿರಬಹುದು, ಅಕ್ಷರ ಕಲಿತ ನೆರೆಯವನಾಗಿರಬಹುದು. ಹಾಸಿಗೆಯ ಸುತ್ತ ಹೆಂಡತಿ ಮಕ್ಕಳು, ಸಾಕ್ಷಿಗೆಂದು ಬಂದ ನೆರೆಹೊರೆಯವರು. ದೇವರ ನಾಮಸ್ಮರಣೆಯಿಂದ ಪತ್ರ ಆರಂಭವಾಗುತ್ತದೆ. ದೇಹ ರೋಗಗ್ರಸ್ತವಾಗಿದ್ದರೂ ಬುದ್ಧಿ ಸ್ವಸ್ಥವಾಗಿದೆಯೆಂದು ಬರೆಯಿಸುತ್ತಾರೆ. ಮುಂದೆ ತಕರಾರು ಹುಟ್ಟಿದರೆ ಈ ಮಾತೇ ಆಧಾರ. ಅನಂತರ ಆತ್ಮವನ್ನು ದೇವರಿಗೂ ದೇಹವನ್ನು ಚರ್ಚಿನ ಅಂಗಳದ ಮಣ್ಣಿಗೂ ಒಪ್ಪಿಸುತ್ತಾರೆ. ಹೀಗೆ ರೈತನು ಮಾಡುವ ಮೊದಲ ದಾನ ಆತ್ಮದ್ದು, ಎರಡನೆಯದು ದೇಹದ್ದು. ಹಸು ಕುರಿಗಳ ಸರದಿ ಬರುವುದು ಆಮೇಲೆ.

ಈ ಪೀಠಿಕೆಯ ಮಾತುಗಳಲ್ಲಿಯೂ ಆ ಶತಮಾನದ ಧರ್ಮವಿಪ್ಲವದ ಗುರುತು ಬಿದ್ದಿದೆ. ಹಳೆಯ ಮತದ ಕಾಲದಲ್ಲಿ ಆತ್ಮವನ್ನು ದೇವರಿಗೆ, ಮಾತೆ ಮೇರಿಗೆ ಮತ್ತು ಸ್ವರ್ಗದ ಸಂತಸಮೂಹಕ್ಕೆ ಒಪ್ಪಿಸುವುದು ಪದ್ಧತಿ. ಎಲಿಜಬೆತ್ ರಾಣಿಯ ಆಳ್ವಿಕೆ ಬಲವಾದಂತೆಲ್ಲ ಮೇರಿಯ ಮತ್ತು ಸಂತರ ಹೆಸರುಗಳು ಮರೆಯಾಗಿ, ಕ್ರಿಸ್ತನ ಪುಣ್ಯವೊಂದರಿಂದಲೇ ಮುಕ್ತಿಯೆಂಬ ಮಾತು ಬರುತ್ತದೆ. ಇದು ಸಾಯುವವನ ನಂಬಿಕೆಯೋ ಬರೆಯುವವನ ವಾಡಿಕೆಯೋ ಎಂಬ ಪ್ರಶ್ನೆಯನ್ನು ಎತ್ತಿ, ಮಾರ್ಗರೆಟ್ ಸ್ಪಫರ್ಡ್ ಮೊದಲಾದ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳ ಎಚ್ಚರಿಕೆಯಿಂದ ಶೋಧನೆ ನಡೆಸಿದ್ದಾರೆ. ಒಂದೇ ಲೇಖಕನು ಬರೆದ ಹಲವು ಉಯಿಲುಗಳಲ್ಲಿ ಒಂದೇ ಬಗೆಯ ವಾಕ್ಯಗಳಿರುವುದು ಕಂಡುಬಂದಿದೆ. ಆದಕಾರಣ ಪೀಠಿಕೆಯ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಹಸು ಯಾರಿಗೆ ಎಂದು ಹೇಳುವ ಮಾತಿಗೆ ಆ ಅನುಮಾನ ಬೇಡ. ಅದು ಖಂಡಿತವಾಗಿ ಒಕ್ಕಲಿಗನದೇ.

ರೈತನು ಸತ್ತಮೇಲೆ ಮತ್ತೊಂದು ಪತ್ರ ಹುಟ್ಟುತ್ತದೆ. 1529ರ ಕಾಯಿದೆಯಂತೆ ಮೃತನ ಚರಾಸ್ತಿಯ ಪಟ್ಟಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಬೇಕಾಗಿತ್ತು. ಊರಿನ ಇಬ್ಬರು ಮೂವರು ನಂಬಿಕಸ್ಥರು ಮನೆಗೆ ಬಂದು, ಕೋಣೆಯಿಂದ ಕೋಣೆಗೆ ನಡೆದು, ಕಣಜ ಕೊಟ್ಟಿಗೆಗಳನ್ನು ನೋಡಿ, ಒಂದೊಂದು ವಸ್ತುವಿಗೂ ಬೆಲೆ ಕಟ್ಟುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಪಂಚರ ಮಹಜರು. ಪಂಚರೂ ಬೇಸಾಯಗಾರರೇ ಆದುದರಿಂದ ಎತ್ತಿನ ಬೆಲೆ, ಕುರಿಯ ಬೆಲೆ, ಹೊಲದಲ್ಲಿ ನಿಂತ ಪೈರಿನ ಬೆಲೆ ಅವರಿಗೆ ಬಾಯಲ್ಲೇ ಇರುತ್ತಿತ್ತು. ಹೀಗೆ ಉಯಿಲು ಮನಸ್ಸನ್ನು ತೋರಿಸಿದರೆ ಮಹಜರು ಮನೆಯನ್ನು ತೋರಿಸುತ್ತದೆ.

ಆ ಮನೆಯು ಎಲಿಜಬೆತ್ ರಾಣಿಯ ಕಾಲದಲ್ಲಿ ವೇಗವಾಗಿ ಬದಲಾಗುತ್ತಿತ್ತು. ಎಸೆಕ್ಸ್ ಸೀಮೆಯ ರ್‍ಯಾಡ್ವಿಂಟರ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್ನನು 1577ರಲ್ಲಿ ಮುದ್ರಿತವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ, ಊರಿನ ಮುದುಕರು ತಮ್ಮ ಕಾಲದಲ್ಲಿ ಕಂಡ ಮೂರು ದೊಡ್ಡ ಬದಲಾವಣೆಗಳನ್ನು ಎಣಿಸಿದ್ದಾನೆ. ಮೊದಲನೆಯದು ಹೊಗೆಗೂಡುಗಳು ಹೆಚ್ಚಿದುದು. ಹಿಂದೆ ಒಂದು ಊರಿಗೆ ಎರಡು ಮೂರು ಇದ್ದರೆ ಹೆಚ್ಚಾಗಿತ್ತು. ಎರಡನೆಯದು ಹಾಸಿಗೆ. ಅವರ ತಂದೆಯ ಕಾಲದಲ್ಲಿ ಹುಲ್ಲಿನ ಚಾಪೆಯೇ ಹಾಸಿಗೆ, ಮರದ ಕೊರಡೇ ತಲೆದಿಂಬು. ಮೆತ್ತನೆಯ ದಿಂಬು ಬಾಣಂತಿಯರಿಗೆ ಮಾತ್ರ ಸಲ್ಲತಕ್ಕದ್ದು ಎಂದು ಎಣಿಸುತ್ತಿದ್ದರಂತೆ. ಮೂರನೆಯದು ಪಾತ್ರೆ. ಮರದ ತಟ್ಟೆಗಳು ಹೋಗಿ ತವರಬೆರೆತ ಲೋಹದ ತಟ್ಟೆಗಳೂ, ಮರದ ಸೌಟು ಚಮಚಗಳು ಹೋಗಿ ಬೆಳ್ಳಿಯ ಇಲ್ಲವೆ ತವರದ ಚಮಚಗಳೂ ಬಂದುವು. ಈ ಪಾದ್ರಿಯ ಮಾತಿಗೆ ರೈತರ ಉಯಿಲುಗಳೇ ಸಾಕ್ಷಿ. ಗರಿತುಂಬಿದ ಹಾಸಿಗೆ, ಹಿತ್ತಾಳೆಯ ಹಂಡೆ, ಓಕ್ ಮರದ ಪೆಟ್ಟಿಗೆ, ಇವು ಒಂದೊಂದಕ್ಕೂ ಉಯಿಲಿನಲ್ಲಿ ಪ್ರತ್ಯೇಕ ಸಾಲು, ಪ್ರತ್ಯೇಕ ವಾರಸುದಾರ. ಕಿಟಕಿಯ ಗಾಜನ್ನು ಕೂಡ ಬಿಚ್ಚಿ ಒಯ್ಯಬಲ್ಲ ಸೊತ್ತೆಂದು ಎಣಿಸಿ ಉಯಿಲಿನಲ್ಲಿ ಕೊಡುತ್ತಿದ್ದುದುಂಟು. ಕಿಟಕಿಗೆ ಕೂಡಿಸಿದ ಗಾಜು ಮನೆಯ ಅಂಗವೇ ಹೊರತು ಬೇರೆ ಸೊತ್ತಲ್ಲವೆಂಬುದು ಸ್ಪಷ್ಟವಾದುದು ಆ ಶತಮಾನದ ಕೊನೆಯಲ್ಲಿ, ನ್ಯಾಯಾಲಯದ ತೀರ್ಪಿನಿಂದ.

ಇಂಥ ಸಣ್ಣ ಕೊಡುಗೆಗಳಲ್ಲಿ ಒಕ್ಕಲಿಗನ ಅಕ್ಕರೆ ಕಾಣುತ್ತದೆ. ಜ್ಞಾನಸ್ನಾನದಲ್ಲಿ ತಾನು ಕೈಹಿಡಿದ ಮಕ್ಕಳಿಗೆ ಒಂದೊಂದು ಕುರಿಮರಿ. ಮನೆಯ ಆಳಿಗೆ ತನ್ನ ಹಳೆಯ ಅಂಗಿ. ಊರಿನ ಬಡವರ ಪೆಟ್ಟಿಗೆಗೆ ಕೆಲವು ಪೆನ್ನಿ. ಆದರೆ ಕುಟುಂಬದ ವಿಚಾರಕ್ಕೆ ಬಂದಾಗ ಮಾತು ಬಿಗಿಯಾಗುತ್ತದೆ. ಹೊಲವನ್ನು ಮಕ್ಕಳಿಗೆಲ್ಲ ಹಂಚಿದರೆ ಯಾರಿಗೂ ಸಾಲದು. ಒಬ್ಬನಿಗೇ ಕೊಟ್ಟರೆ ಉಳಿದವರಿಗೆ ಅನ್ಯಾಯ. ಇದಕ್ಕೆ ಸಾಮಾನ್ಯವಾಗಿ ಹುಡುಕಿಕೊಂಡ ಪರಿಹಾರವು ಹೊಲವನ್ನು ಒಬ್ಬ ಮಗನಿಗೆ ಕೊಟ್ಟು, ತಮ್ಮಂದಿರಿಗೆ ಇಷ್ಟು ಹಣ, ತಂಗಿಯರಿಗೆ ಮದುವೆಯಾದಾಗ ಅಥವಾ ಇಪ್ಪತ್ತೊಂದು ವರ್ಷ ತುಂಬಿದಾಗ ಇಷ್ಟು ಹಣ ಎಂದು ಅವನ ತಲೆಯ ಮೇಲೆ ಹೊರಿಸುವುದು. ಹೊಲ ಉಳಿಯಿತು, ನಿಜ. ಅದರ ಜತೆಗೆ ಸಾಲವೂ ಬಂದಿತು. ಮಳೆ ತಪ್ಪಿದ ಎರಡು ವರ್ಷ ಸಾಕು, ಆ ಹಿರಿಯ ಮಗನು ತಂಗಿಯರ ಹಣಕ್ಕಾಗಿ ಹೊಲವನ್ನೇ ಅಡವಿಡಬೇಕಾಗುತ್ತಿತ್ತು.

ಹೆಂಡತಿಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಗಂಡನ ಸ್ವಂತ ಜಮೀನಿನಲ್ಲಿ ಮೂರನೆಯ ಒಂದು ಪಾಲಿನ ಫಲವನ್ನು ಜೀವಮಾನಪರ್ಯಂತ ಅನುಭವಿಸುವ ಹಕ್ಕು ಸಾಮಾನ್ಯ ನ್ಯಾಯದಂತೆ ವಿಧವೆಗೆ ಇದ್ದಿತು. ಆದರೆ ಮದುವೆಯಾದೊಡನೆ ಹೆಂಗಸಿನ ಚರಾಸ್ತಿಯೆಲ್ಲ ಗಂಡನದಾಗುತ್ತಿತ್ತು. ಅವಳ ಜಮೀನಿನ ಆಡಳಿತವೂ ಅವನ ಕೈಗೆ ಹೋಗುತ್ತಿತ್ತು. ಗಂಡನ ಅನುಮತಿಯಿಲ್ಲದೆ ಅವಳು ಚರಾಸ್ತಿಯ ಉಯಿಲನ್ನೂ ಮಾಡುವಂತಿರಲಿಲ್ಲ. ಅದರಿಂದಲೇ ಅನೇಕ ಉಯಿಲುಗಳಲ್ಲಿ ಒಂದು ವಿಚಿತ್ರವಾದ ದಾನ ಬರುತ್ತದೆ. ಮದುವೆಯಲ್ಲಿ ಅವಳು ತವರಿನಿಂದ ತಂದ ಹಾಸಿಗೆ ಪೆಟ್ಟಿಗೆಗಳನ್ನು ಅವಳಿಗೇ ಕೊಟ್ಟಿರುವುದಾಗಿ ಗಂಡನು ಬರೆಯಿಸುತ್ತಾನೆ! ಮಗನ ಮನೆಯಲ್ಲಿ ತಾಯಿ ಹೇಗೆ ಬಾಳಬೇಕೆಂಬುದನ್ನೂ ಕೆಲವರು ಒಂದೊಂದಾಗಿ ಗೊತ್ತುಮಾಡುತ್ತಾರೆ. ಅವಳಿಗೆ ಇಂಥ ಕೋಣೆ, ಒಲೆಯ ಬಳಿ ಕೂರಲು ಜಾಗ, ವರ್ಷಕ್ಕೆ ಇಷ್ಟು ಗೋಧಿ, ಒಂದು ಹಸುವಿಗೆ ಮೇವು, ಬಾವಿಗೆ ಹೋಗಿಬರುವ ದಾರಿ. ಅವಳು ಮತ್ತೆ ಮದುವೆಯಾದರೆ ಇವೆಲ್ಲ ನಿಲ್ಲತಕ್ಕದ್ದು ಎಂಬ ಷರತ್ತೂ ಹಲವೆಡೆ ಉಂಟು. ಹೊಸ ಗಂಡನ ಕೈಗೆ ಮಕ್ಕಳ ಸೊತ್ತು ಸಿಕ್ಕಬಾರದೆಂಬುದೇ ಅದರ ಅಭಿಪ್ರಾಯ. ತಾಯಿಗೆ ಒಲೆಯ ಬಳಿ ಜಾಗ ಕೊಡಬೇಕೆಂದು ಮಗನಿಗೆ ಕಾಗದದಲ್ಲಿ ಬರೆದು ತಿಳಿಸಬೇಕಾದ ತಂದೆಯ ಮನಸ್ಸನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸಾಮಾನ್ಯ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಒಂದು ಮನೆಗೆ ಹೋಗೋಣ. ವಾರಿಕ್‌ಷೈರ್ ಸೀಮೆಯಲ್ಲಿ, ಏವನ್ ನದಿಯ ದಡದ ಸ್ಟ್ರಾಟ್‌ಫರ್ಡ್ ಪಟ್ಟಣಕ್ಕೆ ಮೂರು ಮೈಲಿ ದೂರದಲ್ಲಿ, ವಿಲ್ಮ್‌ಕೋಟ್ ಎಂಬ ಹಳ್ಳಿ ಇದೆ. ಅಲ್ಲಿ ರಾಬರ್ಟ್ ಆರ್ಡನ್ ಎಂಬ ಅನುಕೂಲಸ್ಥ ಬೇಸಾಯಗಾರನು ಇದ್ದನು. ಅವನಿಗೆ ಎಂಟು ಮಂದಿ ಹೆಣ್ಣುಮಕ್ಕಳು. ಮೊದಲ ಹೆಂಡತಿ ತೀರಿಕೊಂಡಮೇಲೆ ಆಗ್ನೆಸ್ ಹಿಲ್ ಎಂಬ ವಿಧವೆಯನ್ನು ಮದುವೆಯಾಗಿದ್ದನು. ಅವಳಿಗೂ ಹಿಂದಿನ ಗಂಡನ ಮಕ್ಕಳಿದ್ದರು. ಆರ್ಡನ್ನನು ತನ್ನ ಉಯಿಲನ್ನು ಬರೆಯಿಸಿದುದು 1556ರ ನವೆಂಬರ್ 24ರಂದು. ಎಲಿಜಬೆತ್ ರಾಣಿಯು ಪಟ್ಟಕ್ಕೆ ಬಂದುದು ಅದಕ್ಕೆ ಎರಡು ವರ್ಷಗಳ ತರುವಾಯ. ಆದರೆ ಉಯಿಲಿನ ಫಲಾಫಲಗಳೆಲ್ಲ ನಡೆದುದು ಆ ರಾಣಿಯ ಕಾಲದಲ್ಲಿಯೇ. ಮೇರಿ ರಾಣಿಯು ಹಳೆಯ ಮತವನ್ನು ಮತ್ತೆ ಸ್ಥಾಪಿಸಿದ್ದ ದಿನಗಳು ಅವು; ಅದಕ್ಕೆ ತಕ್ಕಂತೆ ಆರ್ಡನ್ನನು ಆತ್ಮವನ್ನು ದೇವರಿಗೂ ಮಾತೆ ಮೇರಿಗೂ ಸ್ವರ್ಗದ ಸಂತರಿಗೂ, ದೇಹವನ್ನು ಆಸ್ಟನ್ ಕ್ಯಾಂಟ್ಲೊ ಊರಿನ ಚರ್ಚಿನ ಅಂಗಳಕ್ಕೂ ಒಪ್ಪಿಸಿದನು.

ಅವನು ಹಂಚಿದ ರೀತಿಯನ್ನು ನೋಡಿ. ಕಿರಿಯ ಮಗಳು ಮೇರಿಗೆ ವಿಲ್ಮ್‌ಕೋಟಿನಲ್ಲಿರುವ ಆಸ್ಬೀಸ್ ಎಂಬ ಜಮೀನೆಲ್ಲವೂ, ಅದರಲ್ಲಿ ಉತ್ತು ಬಿತ್ತಿದ ಬೆಳೆಯ ಸಹಿತವಾಗಿ. ಅದರ ಮೇಲೆ 6 ಪೌಂಡು 13 ಷಿಲ್ಲಿಂಗು 4 ಪೆನ್ನಿ ನಗದು. ಮತ್ತೊಬ್ಬ ಮಗಳು ಆಲಿಸಳಿಗೆ ಚರಾಸ್ತಿಯಲ್ಲಿ ಮೂರನೆಯ ಒಂದು ಪಾಲು. ಹೆಂಡತಿ ಆಗ್ನೆಸಳಿಗೂ 6 ಪೌಂಡು 13 ಷಿಲ್ಲಿಂಗು 4 ಪೆನ್ನಿ. ಆದರೆ ಒಂದು ಷರತ್ತು. ವಿಲ್ಮ್‌ಕೋಟಿನ ಕಾಪಿಹೋಲ್ಡ್ ಜಮೀನಿನ ಅರ್ಧವನ್ನು ಆಲಿಸಳು ನೆಮ್ಮದಿಯಿಂದ ಅನುಭವಿಸುವುದಕ್ಕೆ ಮಲತಾಯಿಯಾದ ಅವಳು ಅಡ್ಡಿಮಾಡಬಾರದು. ಅಡ್ಡಿಮಾಡಿದರೆ ಹಣವು ಅರ್ಧಕ್ಕೆ ಇಳಿಯುವುದು. ಅದಲ್ಲದೆ ಸ್ನಿಟರ್‌ಫೀಲ್ಡಿನಲ್ಲಿ ಅವಳಿಗೆ ಮೊದಲೇ ಗೊತ್ತಾದ ಜೀವನಾಂಶ ಮಾತ್ರ ಉಳಿಯುವುದು. ತನ್ನ ಪ್ಯಾರಿಷಿನಲ್ಲಿ ಉಳುವ ಜಾನುವಾರಿಲ್ಲದ ಪ್ರತಿಯೊಂದು ಮನೆಗೂ ನಾಲ್ಕು ನಾಲ್ಕು ಪೆನ್ನಿ ಕೊಡಬೇಕೆಂದು ಹೇಳಿದನು. ಬಡತನಕ್ಕೆ ಅವನು ಇಟ್ಟ ಅಳತೆ ಎಷ್ಟು ನೇರವಾದುದು! ನೇಗಿಲಿಗೆ ಎತ್ತಿಲ್ಲದವನೇ ಬಡವ. ಉಯಿಲನ್ನು ನಡೆಸುವ ನಿರ್ವಾಹಕರನ್ನಾಗಿ ಹೆಂಡತಿಯನ್ನೂ ನೇಮಿಸಲಿಲ್ಲ, ಅಳಿಯಂದಿರನ್ನೂ ನೇಮಿಸಲಿಲ್ಲ. ಆಲಿಸ್ ಮತ್ತು ಮೇರಿಯರನ್ನೇ ನೇಮಿಸಿದನು. ಅವರ ಬೆಂಬಲಕ್ಕೆ ಆಡಂ ಪಾಮರ್, ಹ್ಯೂ ಪೋರ್ಟರ್, ಜಾನ್ ಸ್ಕಾರ್ಲೆಟ್ ಎಂಬ ಮೂವರು ಮೇಲ್ವಿಚಾರಕರು. ಅವರ ಶ್ರಮಕ್ಕೆ ತಲಾ ಇಪ್ಪತ್ತು ಷಿಲ್ಲಿಂಗು.

ಡಿಸೆಂಬರ್ ತಿಂಗಳಲ್ಲಿ ಪಂಚರು ಬಂದು ಮಹಜರು ಮಾಡಿದರು. ಎಂಟು ಎತ್ತುಗಳು, ಏಳು ಹಸುಗಳು, ಕರುಗಳು, ಕುದುರೆಗಳು, ಕುರಿಗಳು, ಹಂದಿಗಳು, ಜೇನುಗೂಡುಗಳು, ಕೋಳಿಗಳು. ಕಣಜದಲ್ಲಿ ಗೋಧಿ ಮತ್ತು ಜವೆ. ಮನೆಯೊಳಗೆ ಗೋಡೆಗೆ ತೂಗಹಾಕಿದ ಚಿತ್ರಪಟಗಳು. ಒಟ್ಟು ಬೆಲೆ 77 ಪೌಂಡು 11 ಷಿಲ್ಲಿಂಗು 10 ಪೆನ್ನಿ. ಒಂದು ಪೌಂಡಿಗೆ ಇಪ್ಪತ್ತು ಷಿಲ್ಲಿಂಗು, ಒಂದು ಷಿಲ್ಲಿಂಗಿಗೆ ಹನ್ನೆರಡು ಪೆನ್ನಿ. ಎಲಿಜಬೆತ್ ರಾಣಿಯ ಕಾಲದಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಗಾರನಿಗೆ ಸಿಕ್ಕುತ್ತಿದ್ದ ದಿನಗೂಲಿ ಎಂಟು ಪೆನ್ನಿಯ ಆಸುಪಾಸು. ಈ ಲೆಕ್ಕದಲ್ಲಿ ಆರ್ಡನ್ನನ ಚರಾಸ್ತಿಯು ಎರಡು ಸಾವಿರದ ಮುನ್ನೂರು ದಿನಗಳಿಗೂ ಮೇಲ್ಪಟ್ಟ ಕೂಲಿಗೆ ಸಮ. ಅವನ ಸ್ನಿಟರ್‌ಫೀಲ್ಡ್ ಜಮೀನನ್ನು ಗೇಣಿಗೆ ಮಾಡುತ್ತಿದ್ದ ಒಬ್ಬ ಒಕ್ಕಲು ಕೆಲವು ವರ್ಷಗಳಲ್ಲಿ ತೀರಿಕೊಂಡಾಗ ಆತನ ಚರಾಸ್ತಿಗೆ ಕಟ್ಟಿದ ಬೆಲೆ 38 ಪೌಂಡು 17 ಷಿಲ್ಲಿಂಗು. ಆ ಒಕ್ಕಲಿನ ಹೆಸರು ರಿಚರ್ಡ್ ಷೇಕ್ಸ್‌ಪಿಯರ್. ಅವನ ಮಗನಾದ ಜಾನನು ಹಳ್ಳಿಯನ್ನು ಬಿಟ್ಟು ಸ್ಟ್ರಾಟ್‌ಫರ್ಡಿನಲ್ಲಿ ಚರ್ಮದ ಕೈಗವಸು ಮಾಡುವ ಕಸಬು ಹಿಡಿದಿದ್ದನು. ಆರ್ಡನ್ನನು ಸತ್ತ ಸ್ವಲ್ಪ ಕಾಲದಲ್ಲಿಯೇ ಮೇರಿಯು ಈ ಜಾನನ ಕೈಹಿಡಿದಳು. ಒಡೆಯನ ಮಗಳು ಒಕ್ಕಲಿನ ಮಗನನ್ನು ವರಿಸಿದಳು. ಆಸ್ಬೀಸ್ ಜಮೀನು ಅವಳೊಡನೆ ಆ ಮನೆಗೆ ಹೋಯಿತು. ಇವರ ಮಗನೇ 1564ರಲ್ಲಿ ಹುಟ್ಟಿದ ಕವಿ ವಿಲಿಯಂ ಷೇಕ್ಸ್‌ಪಿಯರ್.

ಇಪ್ಪತ್ತು ವರ್ಷಗಳ ವರೆಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಜಾನನು 1568ರಲ್ಲಿ ಪಟ್ಟಣದ ಪ್ರಥಮ ಅಧಿಕಾರಿಯೂ ಆದನು. ಆದರೆ 1570ರ ದಶಕದ ಕೊನೆಗೆ ಅವನ ವ್ಯವಹಾರ ಕೆಟ್ಟಿತು. 1578ರ ನವೆಂಬರಿನಲ್ಲಿ ಅವನು ಆಸ್ಬೀಸ್ ಜಮೀನನ್ನು 40 ಪೌಂಡಿಗೆ ಅಡವಿಟ್ಟನು. ಹಣ ಕೊಟ್ಟವನು ಪರಕೀಯನಲ್ಲ. ಮೇರಿಯ ಅಕ್ಕ ಜೋನಳ ಗಂಡನಾದ ಎಡ್ಮಂಡ್ ಲ್ಯಾಂಬರ್ಟ್. ಆ ಜಮೀನು ಮೇರಿಯದಾದುದರಿಂದ ರಾಜನ ನ್ಯಾಯಾಲಯದಲ್ಲಿ ದಾಖಲಾಗುವ ಪತ್ರಕ್ಕೆ ಅವಳೂ ಸೇರಬೇಕಾಗಿತ್ತು. ಹೆಂಡತಿಯನ್ನು ಗಂಡನಿಂದ ಬೇರೆಯಾಗಿ ಕರೆದು, ನಿನಗೆ ಮನಃಪೂರ್ವಕವಾಗಿ ಸಮ್ಮತವೇ ಎಂದು ಕೇಳತಕ್ಕದ್ದೆಂಬುದು ಅಂದಿನ ನಿಯಮ. ಕಾನೂನು ಹೆಂಗಸಿಗೆ ಕೊಟ್ಟ ರಕ್ಷಣೆ ಇಷ್ಟು. ಮನೆಯಲ್ಲಿ ಸಾಲಗಾರರು ಬಾಗಿಲು ತಟ್ಟುತ್ತಿರುವಾಗ, ಮಕ್ಕಳು ಸುತ್ತಲೂ ಇರುವಾಗ, ಸಮ್ಮತವಿಲ್ಲವೆಂದು ಹೇಳುವ ಹೆಂಗಸು ಎಷ್ಟು ಮಂದಿ ಇದ್ದಾರು? ಮರುವರ್ಷ, 1579ರಲ್ಲಿ, ಸ್ನಿಟರ್‌ಫೀಲ್ಡಿನಲ್ಲಿದ್ದ ಅವಳ ಪಾಲೂ ಅಕ್ಕನ ಮಗ ರಾಬರ್ಟ್ ವೆಬ್ಬನಿಗೆ ಮಾರಾಟವಾಯಿತು. ಆ ಪತ್ರದ ಅಡಿಯಲ್ಲಿ ಮೇರಿಯು ಹಾಕಿದ ಗುರುತು ಈಗಲೂ ಇದೆ.

ಅಡಮಾನದ ಹಣವನ್ನು 1580ರ ಸೆಪ್ಟೆಂಬರ್ 29ರ ಮೈಕೇಲ್‌ಮಸ್ ಹಬ್ಬದಂದು ತೀರಿಸಬೇಕಾಗಿತ್ತು. ಆ ಕಾಲದ ಕಾನೂನಿನಲ್ಲಿ ಗೊತ್ತಾದ ದಿನವೆಂದರೆ ದಿನವೇ. ಅದು ತಪ್ಪಿದರೆ ಜಮೀನು ಸಾಲ ಕೊಟ್ಟವನದು. ಬಡ್ಡಿಯೊಡನೆ ತಡವಾಗಿ ಹಣ ಕಟ್ಟಿಯೂ ಜಮೀನನ್ನು ಬಿಡಿಸಿಕೊಳ್ಳುವ ಹಕ್ಕು ಚಾನ್ಸರಿ ನ್ಯಾಯಾಲಯದ ಕೃಪೆಯಿಂದ ನೆಲೆಗೊಂಡದ್ದು ಮುಂದಿನ ಶತಮಾನದಲ್ಲಿ. ಷೇಕ್ಸ್‌ಪಿಯರ್ ದಂಪತಿಗಳು ಅನಂತರ ನ್ಯಾಯಾಲಯಕ್ಕೆ ಹೇಳಿಕೊಂಡಂತೆ, ಅವರು ಆ ದಿನ 40 ಪೌಂಡನ್ನು ಒಯ್ದು ಮುಂದಿಟ್ಟರು. ಲ್ಯಾಂಬರ್ಟನು, ನೀವು ಕೊಡಬೇಕಾದ ಬೇರೆ ಸಾಲಗಳನ್ನೂ ತೀರಿಸಿದ ಹೊರತು ತೆಗೆದುಕೊಳ್ಳುವುದಿಲ್ಲವೆಂದನು. 1587ರಲ್ಲಿ ಲ್ಯಾಂಬರ್ಟನು ಸತ್ತನು; ಜಮೀನು ಅವನ ಮಗ ಜಾನ್ ಲ್ಯಾಂಬರ್ಟನ ಕೈಯಲ್ಲಿ ಉಳಿಯಿತು. ಮರುವರ್ಷ ರಾಣಿಯ ನ್ಯಾಯಪೀಠದಲ್ಲಿ ವ್ಯಾಜ್ಯ ಹೂಡಿದರು. ಇನ್ನೂ 20 ಪೌಂಡು ಕೊಟ್ಟು ಪೂರ್ತಿಯಾಗಿ ಕೊಂಡುಕೊಳ್ಳುತ್ತೇನೆಂದು ಮಗ ಲ್ಯಾಂಬರ್ಟನು ಒಪ್ಪಿ ತಪ್ಪಿದನೆಂಬುದು ಅವರ ವಾದ. ಆ ದಾವೆಯ ಕಾಗದದಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿನ ವಿಲಿಯಮನ ಹೆಸರೂ ತಂದೆತಾಯಿಗಳ ಜತೆಗೆ ಬಂದಿದೆ. ಲಾಭವಾಗಲಿಲ್ಲ. 1597ರಲ್ಲಿ ಚಾನ್ಸರಿ ನ್ಯಾಯಾಲಯದಲ್ಲಿ ಮತ್ತೊಮ್ಮೆ ದೂರು ಕೊಟ್ಟರು. ಅದೇ ವರ್ಷ ವಿಲಿಯಮನು ಸ್ಟ್ರಾಟ್‌ಫರ್ಡಿನಲ್ಲಿ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆಯನ್ನು ಕೊಂಡನು. ಹಣವಿದ್ದಿತು, ಕೀರ್ತಿ ಇದ್ದಿತು. ತಾಯಿಯ ಹೊಲ ಮಾತ್ರ ಹಿಂದಿರುಗಲಿಲ್ಲ. ಜಾನನು 1601ರಲ್ಲಿಯೂ ಮೇರಿಯು 1608ರಲ್ಲಿಯೂ ತೀರಿಕೊಂಡರು.

ಆರ್ಡನ್ನನು ಯಾರಿಗೆ ಹೆದರಿ ಎಚ್ಚರಿಕೆ ತೆಗೆದುಕೊಂಡನೆಂಬುದನ್ನು ಈಗ ನೆನೆಯಬೇಕು. ಅವನು ಹೆದರಿದುದು ಮಲತಾಯಿಗೆ. ಅವಳ ಕೈಯಿಂದ ಆಲಿಸಳನ್ನು ಕಾಯಲು ಹಣದ ಬೇಲಿ ಕಟ್ಟಿದನು. ಮೇರಿಯ ಹೊಲಕ್ಕೆ ಮಾತ್ರ ಯಾವ ಬೇಲಿಯನ್ನೂ ಕಟ್ಟಲಿಲ್ಲ. ಬೆಳೆದ ಪೈರಿನೊಡನೆ ಪೂರ್ಣವಾಗಿ ಅವಳಿಗೇ ಕೊಟ್ಟನು. ಅಷ್ಟು ವಿಶ್ವಾಸದಿಂದ ಕೊಟ್ಟದ್ದೇ ಕೈಬಿಟ್ಟುಹೋಯಿತು. ಅದನ್ನು ಕಳೆದವಳು ಮಲತಾಯಿಯೂ ಅಲ್ಲ, ಪರರೂ ಅಲ್ಲ. ಮಗಳ ಗಂಡ ಅಡವಿಟ್ಟನು, ಮತ್ತೊಬ್ಬ ಮಗಳ ಗಂಡ ಹಿಡಿದುಕೊಂಡನು. 1540ರ ಕಾಯಿದೆಯು ತಂದೆಗೆ ಮಗಳಿಗೆ ಭೂಮಿಯನ್ನು ಕೊಡುವ ಅಧಿಕಾರವನ್ನು ಕೊಟ್ಟಿತು. ಮದುವೆಯ ಕಾನೂನು ಆ ಭೂಮಿಯ ಆಡಳಿತವನ್ನು ಮಗಳ ಕೈಯಿಂದ ತೆಗೆದುಕೊಂಡಿತು.

ಮೊಮ್ಮಗನು ಈ ಪಾಠವನ್ನು ಮರೆತಂತೆ ಕಾಣುವುದಿಲ್ಲ. 1616ರ ಮಾರ್ಚಿ 25ರ ದಿನಾಂಕವುಳ್ಳ ತನ್ನ ಮರಣಶಾಸನದಲ್ಲಿ ಕವಿಯು ಹೆಂಡತಿಗೆ ಎರಡನೆಯ ದರ್ಜೆಯ ಮಂಚವನ್ನು ಕೊಟ್ಟ ಮಾತು ಜಗತ್ಪ್ರಸಿದ್ಧವಾಗಿದೆ. ಅದರ ಮೇಲೆ ಹಾಸ್ಯವೂ ಚರ್ಚೆಯೂ ಸಾಕಷ್ಟು ನಡೆದಿವೆ. ಗಮನಿಸಬೇಕಾದುದು ಅದಕ್ಕಿಂತ ಹೆಚ್ಚಾಗಿ ಕಿರಿಯ ಮಗಳು ಜೂಡಿತಳಿಗೆ ಸಂಬಂಧಿಸಿದ ಭಾಗ. ಅವಳು ಕೆಲವೇ ವಾರಗಳ ಹಿಂದೆ ಥಾಮಸ್ ಕ್ವಿನಿಯನ್ನು ಮದುವೆಯಾಗಿದ್ದಳು. ತಂದೆಯು ಅವಳಿಗೆ ಗೊತ್ತುಮಾಡಿದ ಹಣದಲ್ಲಿ 150 ಪೌಂಡನ್ನು ಅಳಿಯನ ಕೈಗೆ ಸುಮ್ಮನೆ ಸಿಕ್ಕದಂತೆ ಕಟ್ಟಿಹಾಕಿದನು. ಮೂರು ವರ್ಷಗಳ ಅನಂತರವೂ ಅವಳು ಗಂಡನೊಡನೆ ಇದ್ದರೆ ಬಡ್ಡಿ ಮಾತ್ರ ಅವಳಿಗೆ. ಅಷ್ಟೇ ಬೆಲೆಯ ಜಮೀನನ್ನು ಅವಳ ಮತ್ತು ಮಕ್ಕಳ ಹೆಸರಿಗೆ ಬರೆದುಕೊಟ್ಟ ಗಂಡನಿಗೆ ಮಾತ್ರ ಅಸಲು. ಜಮೀನುಗಳನ್ನು ಹಿರಿಯ ಮಗಳು ಸುಸಾನಳಿಗೂ ಅವಳ ಗಂಡುಸಂತಾನಕ್ಕೂ ಒಬ್ಬರಾದಮೇಲೊಬ್ಬರಂತೆ ಇಳಿಯುವ ಹಾಗೆ ಬಿಗಿದನು. ತಾತನು ಕಟ್ಟದೆ ಬಿಟ್ಟ ಬೇಲಿಯನ್ನು ಮೊಮ್ಮಗನು ಎರಡು ಸುತ್ತು ಕಟ್ಟಿದನು. ಆದರೆ ಆ ಗಂಡುಸಂತಾನ ಹುಟ್ಟಲೇ ಇಲ್ಲ. ಮೊಮ್ಮಗಳು ಎಲಿಜಬೆತಳು ಮಕ್ಕಳಿಲ್ಲದೆ 1670ರಲ್ಲಿ ತೀರಿಕೊಂಡಾಗ ಕವಿಯ ವಂಶವೇ ಮುಗಿಯಿತು.

ವಿಲ್ಮ್‌ಕೋಟಿನ ಮಾತನ್ನು ಹೇಳಿ ಮುಗಿಸುತ್ತೇನೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಆ ಊರಿನ ಒಂದು ಚೆಲುವಾದ ಮರದ ಮನೆಯನ್ನು ಮೇರಿ ಆರ್ಡನಳ ಮನೆಯೆಂದು ತೋರಿಸುತ್ತಿದ್ದರು. ಇನ್ನೂರು ವರ್ಷಗಳ ಕಾಲ ಯಾತ್ರಿಕರು ಅದನ್ನು ನೋಡಿ ಧನ್ಯರಾದರು. ಹಳೆಯ ಪತ್ರಗಳ ಶೋಧನೆಯಿಂದ ಆ ನಂಬಿಕೆಯು ತಪ್ಪೆಂದು 2000ದಲ್ಲಿ ತಿಳಿದುಬಂದಿತು. ನಿಜವಾದ ಮನೆಯು ಪಕ್ಕದಲ್ಲಿದ್ದ ಗ್ಲೀಬ್ ಫಾರಂ ಎಂಬ ಸಾಧಾರಣ ಕಟ್ಟಡ. ಅದರ ತೊಲೆಗಳ ಮರವು ಸುಮಾರು 1514ರದೆಂದು ಪರೀಕ್ಷೆಯಿಂದ ಗೊತ್ತಾಗಿದೆ. ಜನರು ಅಷ್ಟು ಕಾಲ ಗೌರವಿಸಿದ ಮನೆಯಾದರೋ ಆಡಂ ಪಾಮರನದು, ಎಂದರೆ ಆರ್ಡನ್ನನ ಉಯಿಲಿಗೆ ಇಪ್ಪತ್ತು ಷಿಲ್ಲಿಂಗಿನ ಗೌರವಧನ ಪಡೆದ ಆ ಮೇಲ್ವಿಚಾರಕನದು!

ಹೊಲವು ಕೈಬಿಟ್ಟಿತು, ಎತ್ತು ಹಸುಗಳು ಮಣ್ಣಾದುವು, ಮನೆಯ ಗುರುತೂ ತಪ್ಪಿಹೋಗಿತ್ತು. ಕಾಯಿಲೆಯ ಹಾಸಿಗೆಯಲ್ಲಿ ಮಲಗಿ ಒಬ್ಬ ತಂದೆಯು ಹೇಳಿದ ಮಾತು ಮಾತ್ರ ಕಾಗದದಲ್ಲಿ ನಿಂತು ಉಳಿದಿದೆ. ಅದು ತನ್ನ ಮಗಳನ್ನು ರಕ್ಷಿಸಲಿಲ್ಲ. ರಕ್ಷಿಸಬೇಕೆಂದು ಅವನು ಬಯಸಿದನೆಂಬುದನ್ನಾದರೂ ನಾಲ್ಕೂವರೆ ಶತಮಾನಗಳ ತರುವಾಯ ನಮಗೆ ತಿಳಿಸುತ್ತಿದೆ. ರಾಜರ ಶಾಸನಗಳನ್ನು ಕಲ್ಲಿನಲ್ಲಿ ಕೆತ್ತಿ ಉಳಿಸಿದವರು ಅನೇಕರು. ಒಕ್ಕಲಿಗನ ಶಾಸನ ಇದೊಂದೇ. ಅದನ್ನು ಅಷ್ಟೇ ಗೌರವದಿಂದ ಓದುವುದು ನಮ್ಮ ಋಣ.